ಪಾಲುದಾರನ ಹಕ್ಕು ಮತ್ತು ಡಚ್ ಈಸ್ಟ್ ಇಂಡಿಯಾ ಕಂಪನಿ

ಪರರ ಧನದಿಂದ ವ್ಯಾಪಾರ ನಡೆಸುವವನು ಆ ಧನದ ಒಡೆಯನಿಗೆ ಲೆಕ್ಕ ಒಪ್ಪಿಸಬೇಕೆಂಬುದು ಇಂದಿನ ಕಂಪನಿ ಕಾನೂನುಗಳು ಒಪ್ಪಿದ ತತ್ತ್ವ. ಆದರೆ ಅದು ತಾನಾಗಿ ಬಂದುದಲ್ಲ, ಹೋರಾಡಿ ಪಡೆದುದು. ಆ ಹೋರಾಟದ ಆದಿಯ ಘಟ್ಟವೊಂದನ್ನು ಹಾಲೆಂಡಿನ ಇತಿಹಾಸದಲ್ಲಿ ಕಾಣಬಹುದು.

1602ರ ಮಾರ್ಚ್ ತಿಂಗಳಲ್ಲಿ ಡಚ್ ಗಣರಾಜ್ಯದ ಮಹಾಸಭೆಯು ಡಚ್ ಈಸ್ಟ್ ಇಂಡಿಯಾ ಕಂಪನಿಗೆ 21 ವರ್ಷಗಳ ಸನದನ್ನು ನೀಡಿತು. ಸುಮಾರು 64 ಲಕ್ಷ ಗಿಲ್ಡರುಗಳ ಮೂಲಧನ ಕೂಡಿತು. ಆಮ್‌ಸ್ಟರ್‌ಡಾಮ್ ಶಾಖೆಯೊಂದರಲ್ಲಿಯೇ 1,143 ಜನ ಹಣ ತೊಡಗಿಸಿದರು. ನಿರ್ದೇಶಕನೊಬ್ಬನ ಮನೆಯ ಪರಿಚಾರಿಕೆಯೂ 100 ಗಿಲ್ಡರುಗಳನ್ನು ಹಾಕಿದ್ದಳೆಂಬುದು ಗಮನಾರ್ಹ.

ಹತ್ತು ವರ್ಷಗಳಾದ ಮೇಲೆ ಬಹಿರಂಗವಾಗಿ ಲೆಕ್ಕ ಒಪ್ಪಿಸತಕ್ಕದ್ದು, ಬೇಕಾದವರು ಆಗ ಹಣ ಹಿಂಪಡೆಯಬಹುದು ಎಂಬ ಕರಾರು ಸನದಿನಲ್ಲಿತ್ತು. ಆದರೆ 1612ರಲ್ಲಿ ಮಹಾಸಭೆಯು ಅದರಿಂದ ನಿರ್ದೇಶಕರಿಗೆ ವಿನಾಯಿತಿ ಕೊಟ್ಟಿತು. ಹಣ ಬೇಕಾದವನಿಗೆ ಪಾಲನ್ನು ಪೇಟೆಯಲ್ಲಿ ಮಾರುವ ದಾರಿಯೊಂದೇ ಉಳಿಯಿತು. ಹೀಗೆ ಮೂಲಧನವು ಸ್ಥಿರವಾಯಿತು. ದೂರದ ವ್ಯಾಪಾರಕ್ಕೆ ಇದರಿಂದ ಬಲ ಬಂದಿತು. ಆದರೆ ಪಾಲುದಾರನ ಕೈಯಲ್ಲಿದ್ದ ಅಂಕುಶವೂ ಜಾರಿತು. ಹಣ ಹಿಂದೆ ಹೋಗುವ ಭಯವಿಲ್ಲದವರಿಗೆ ಲೆಕ್ಕ ಕೊಡುವ ಅವಸರವೇನಿದ್ದೀತು? ಮೇಲಾಗಿ ನಿರ್ದೇಶಕರ ಸಂಭಾವನೆಯು ಲಾಭವನ್ನು ಅವಲಂಬಿಸಿರಲಿಲ್ಲ. ಹಡಗುಗಳನ್ನು ಸಜ್ಜುಗೊಳಿಸುವ ವೆಚ್ಚದ ಮೇಲೂ ಬಂದ ಸರಕಿನ ಹುಟ್ಟುವಳಿಯ ಮೇಲೂ ನೂರಕ್ಕೆ ಒಂದರಂತೆ ಅವರಿಗೆ ಸಲ್ಲುತ್ತಿತ್ತು. ವೆಚ್ಚ ಏರಿದರೆ ಪಾಲುದಾರನಿಗೆ ನಷ್ಟ, ನಿರ್ದೇಶಕನಿಗೆ ಆದಾಯ.

ಈ ಸ್ಥಿತಿಯನ್ನು ಮೊದಲಲ್ಲಿಯೇ ಎತ್ತಿ ಆಡಿದವನು ಐಸಾಕ್ ಲ ಮೇರ್. ತಾನೇ ಹಿಂದೆ ನಿರ್ದೇಶಕನಾಗಿದ್ದ ಈತನು 1609ರಲ್ಲಿ ರಾಜ್ಯದ ಪ್ರಮುಖ ಆಡಳಿತಗಾರ ಓಲ್ಡನ್‌ಬಾರ್ನೆವೆಲ್ಟನಿಗೆ ಮನವಿ ಬರೆದು ಕಂಪನಿಯ ಆಡಳಿತವನ್ನು ಖಂಡಿಸಿದನು. ಆತನೇನೂ ನಿಸ್ಪೃಹನಲ್ಲ. ಅದೇ ವರ್ಷ ಸಂಗಡಿಗರೊಡನೆ, ಕೈಯಲ್ಲಿಲ್ಲದ ಪಾಲುಗಳನ್ನು ಮುಂಗಡವಾಗಿ ಮಾರಿ, ಬೆಲೆ ಇಳಿದಾಗ ಕೊಂಡು ಲಾಭ ಗಳಿಸಲು ಹೊರಟವನು. 1610ರಲ್ಲಿ ಸರಕಾರವು ಅಂತಹ ಮಾರಾಟವನ್ನು ನಿಷೇಧಿಸಿತು. ದೂರುವವನು ಸ್ವಾರ್ಥಿಯಾದ ಮಾತ್ರಕ್ಕೆ ದೂರು ಸುಳ್ಳಾಗದು.

1622ರಲ್ಲಿ ಸನದಿನ ನವೀಕರಣದ ಪ್ರಶ್ನೆ ಬಂದಾಗ ಅತೃಪ್ತ ಪಾಲುದಾರರು ಕರಪತ್ರಗಳನ್ನು ಅಚ್ಚು ಹಾಕಿಸಿ ಲೆಕ್ಕ ಕೇಳಿದರು. ಅದರ ಫಲವಾಗಿ ಹೊಸ ಸನದಿನಲ್ಲಿ ನಿರ್ದೇಶಕರ ಅಧಿಕಾರಕ್ಕೆ ಕಾಲಮಿತಿ ಬಂದಿತು. ದೊಡ್ಡ ಪಾಲುದಾರರಿಗೆ ಮೇಲ್ವಿಚಾರಣೆಯ ಕೆಲವು ಅಧಿಕಾರಗಳು ದೊರೆತವು. ಸಣ್ಣ ಪಾಲುದಾರನಿಗೆ ಮಾತ್ರ ಲೆಕ್ಕದ ಪುಸ್ತಕ ತೆರೆಯಲಿಲ್ಲ.

ಸಾಲದ ಭಾರಕ್ಕೆ ಕುಸಿದ ಕಂಪನಿಯು 1799ರ ಕೊನೆಯಲ್ಲಿ ಅಂತ್ಯಗೊಂಡಿತು. ಅದರ ಕಡತಗಳು ಹೇಗ್ ನಗರದ ರಾಷ್ಟ್ರೀಯ ದಫ್ತರಖಾನೆಯಲ್ಲಿ ಉಳಿದಿವೆ. ಅಂದು ಪಾಲುದಾರರಿಗೆ ದೊರೆಯದ ಲೆಕ್ಕವನ್ನು ಇಂದು ವಿದ್ವಾಂಸರು ಓದುತ್ತಿದ್ದಾರೆ. ವಿಶ್ವಾಸವಿಟ್ಟು ಹಣ ಕೊಟ್ಟವನಿಗೆ ಲೆಕ್ಕವು ಸಕಾಲದಲ್ಲಿ ಸಲ್ಲಬೇಕೆಂಬುದೇ ಈ ಇತಿಹಾಸದ ಸಾರ.