ಪಶ್ಚಿಮ ಕೆನಡಾದ ಹಳ್ಳಿಗಾಡಿನಲ್ಲಿ ವಿಹಾರ: ನೇಗಿಲು ಬಿಟ್ಟ ನೆಲ, ಕಟ್ಟಿ ನಿಲ್ಲಿಸಿದ ನೀರು

ನಮ್ಮ ಪೇಟೆಗಳಲ್ಲಿ ಮಾರಾಟವಾಗುವ ಮಸೂರ ಬೇಳೆ ಮತ್ತು ಹಳದಿ ಬಟಾಣಿಯ ಒಂದು ಪಾಲು ಪಶ್ಚಿಮ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಿಂದ ಬರುತ್ತದೆಂಬುದು ಅನೇಕ ರೈತರಿಗೆ ಗೊತ್ತಿರುವ ಸಂಗತಿ. ಆದರೆ ಅದನ್ನು ಬೆಳೆಯುವ ರೈತನು ಕೆಲಸವಿಲ್ಲದ ದಿನ ಹೆಂಡತಿ ಮಕ್ಕಳೊಡನೆ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಬಲ್ಲವರು ಕಡಿಮೆ. ಈಗ ನಮ್ಮ ಹಳ್ಳಿಗಳ ಮಕ್ಕಳೂ ಓದಿಗಾಗಿ, ಉದ್ಯೋಗಕ್ಕಾಗಿ ಆ ದೇಶದಲ್ಲಿ ನೆಲೆಸುತ್ತಿದ್ದಾರೆ. ಅವರನ್ನು ನೋಡಲು ಹೋದ ತಂದೆತಾಯಿಗಳನ್ನು ನಯಾಗರಾ ಜಲಪಾತಕ್ಕೋ, ಬ್ಯಾನ್ಫ್‌ನ ಹಿಮಪರ್ವತಗಳಿಗೋ ಕರೆದೊಯ್ಯುವುದು ವಾಡಿಕೆ. ಅವು ನೋಡತಕ್ಕ ಸ್ಥಳಗಳೇ. ಆದರೂ ಮಣ್ಣಿನಲ್ಲಿ ದುಡಿದವರಿಗೆ ಹೆಚ್ಚು ಹಿಡಿಸುವುದು ಆ ಪರ್ವತಗಳ ಪೂರ್ವಕ್ಕೆ ಹಬ್ಬಿರುವ ಪ್ರೇರಿ ಬಯಲು ಎಂದೇ ನನ್ನ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ಆ ಬಯಲಿನ ವಿಹಾರ ತಾಣಗಳಲ್ಲಿ ಬಹಳಷ್ಟು, ಬೇಸಾಯಕ್ಕೆ ಸಲ್ಲದೆಂದು ಬಿಟ್ಟ ನೆಲದಲ್ಲಿವೆ; ಇಲ್ಲವೆ ಬೇಸಾಯಕ್ಕೆಂದು ಕಟ್ಟಿ ನಿಲ್ಲಿಸಿದ ನೀರಿನ ದಡದಲ್ಲಿವೆ. ಅವುಗಳನ್ನು ಸುತ್ತಿ ಬಂದರೆ ಒಣ ಬೇಸಾಯದ ಒಂದು ನೂರು ವರ್ಷದ ಚರಿತ್ರೆಯನ್ನೇ ನೋಡಿದಂತಾಗುತ್ತದೆ.

ಬಯಲಿನ ದಕ್ಷಿಣ ಭಾಗದಲ್ಲಿ ಮಳೆ ಮತ್ತು ಹಿಮ ಸೇರಿ ವರ್ಷಕ್ಕೆ ಬೀಳುವುದು ಸುಮಾರು 300ರಿಂದ 400 ಮಿಲಿಮೀಟರು ಮಾತ್ರ. ನಮ್ಮ ಬಳ್ಳಾರಿ, ಚಿತ್ರದುರ್ಗದ ಕಡೆಯ ರೈತರಿಗೂ ಇದು ಕಡಿಮೆಯೆನಿಸೀತು. ಇಬ್ಬನಿ ಹೆಪ್ಪುಗಟ್ಟಿ ಬೆಳೆ ಸುಡದ ದಿನಗಳು ವರ್ಷದಲ್ಲಿ ಸುಮಾರು 100ರಿಂದ 120. ಮೇ ತಿಂಗಳಲ್ಲಿ ಬಿತ್ತನೆ, ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಕಟಾವು. ಇವೆರಡರ ನಡುವೆ ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ ಸಿಗುವ ಬಿಡುವೇ ರೈತ ಕುಟುಂಬಕ್ಕೆ ಬಿಸಿಲು ಕಾಣುವ, ನೀರಿಗಿಳಿಯುವ ಕಾಲ. ಆಗ ಅಲ್ಲಿ ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕಿರುತ್ತದೆ.

ಬರಗಾಲ ಬಿಟ್ಟುಕೊಟ್ಟ ಹುಲ್ಲುಗಾವಲು

1857ರಿಂದ 1860ರವರೆಗೆ ಈ ಸೀಮೆಯನ್ನು ಪರಿಶೀಲಿಸಿದ ಜಾನ್ ಪ್ಯಾಲಿಸರ್ ಎಂಬಾತನು ದಕ್ಷಿಣದ ತ್ರಿಕೋನಾಕಾರದ ಪ್ರದೇಶವು ಬೇಸಾಯಕ್ಕೆ ಯೋಗ್ಯವಲ್ಲವೆಂದು ವರದಿ ಮಾಡಿದ್ದನು. ಆದರೂ ರೈಲು ಬಂದ ಮೇಲೆ ವಲಸೆಗಾರರಿಗೆ ಭೂಮಿ ಹಂಚಲಾಯಿತು. ಕಾಡೆಮ್ಮೆಯನ್ನು ನಂಬಿ ಬದುಕಿದ್ದ ಮೂಲನಿವಾಸಿ ಜನಾಂಗಗಳು ಒಪ್ಪಂದಗಳ ಮೂಲಕ ಮೀಸಲು ಪ್ರದೇಶಗಳಿಗೆ ಸರಿಯಬೇಕಾಯಿತು. ಹುಲ್ಲಿನ ಹೊದಿಕೆಯನ್ನು ಉತ್ತು ತಿರುವಿ ಹಾಕಲಾಯಿತು. 1930ರ ದಶಕದಲ್ಲಿ ವರ್ಷದ ಮೇಲೆ ವರ್ಷ ಮಳೆ ಕೈಕೊಟ್ಟಾಗ, ಮುಚ್ಚಿಗೆಯಿಲ್ಲದ ಮೇಲ್ಮಣ್ಣು ಗಾಳಿಗೆ ಹಾರಿಹೋಯಿತು. 1937ರಲ್ಲಿ ಸಸ್ಕ್ಯಾಚೆವಾನ್‌ನ ಗೋಧಿಯ ಸರಾಸರಿ ಇಳುವರಿ ಎಕರೆಗೆ 80 ಕಿಲೋಗ್ರಾಂ ಕೂಡ ಮುಟ್ಟಲಿಲ್ಲ.

1935ರಲ್ಲಿ ಕೇಂದ್ರ ಸರ್ಕಾರವು ಪ್ರೇರಿ ಬೇಸಾಯ ಪುನಶ್ಚೇತನ ಕಾಯಿದೆಯನ್ನು ತಂದಿತು. ಅದರ ಅಡಿಯಲ್ಲಿ ತೀರಾ ಹಾಳಾದ ಜಮೀನುಗಳಿಗೆ ಬೇಲಿ ಹಾಕಿ, ಹುಲ್ಲು ಬಿತ್ತಿ, ಸಮುದಾಯ ಗೋಮಾಳಗಳನ್ನಾಗಿ ಮಾಡಲಾಯಿತು. ಇವುಗಳ ವಿಸ್ತೀರ್ಣ ಸುಮಾರು 9 ಲಕ್ಷ ಹೆಕ್ಟೇರಿನಷ್ಟಿತ್ತು. ರೈತರು ತಲೆಗಿಷ್ಟು ಎಂದು ಶುಲ್ಕ ಕೊಟ್ಟು ದನ ಮೇಯಿಸುತ್ತಿದ್ದರು. ಹುಲ್ಲಿನ ಇಳುವರಿ ನೋಡಿ ದನಗಳ ಸಂಖ್ಯೆಯನ್ನು ನಿಗದಿ ಮಾಡಲಾಗುತ್ತಿತ್ತು. ಜೊತೆಗೆ ಅವು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ, ಜಿಂಕೆಗಳಿಗೆ ಆಸರೆಯಾದವು.

ಇದೇ ಸೀಮೆಯ ದಕ್ಷಿಣದಂಚಿನಲ್ಲಿ, ವಾಲ್ ಮೇರಿ ಎಂಬ ಸಣ್ಣ ಹಳ್ಳಿಯ ಬಳಿ, ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಿದೆ. 1981ರ ಒಪ್ಪಂದದ ನಂತರ, ಮಾರಲು ತಾವಾಗಿ ಒಪ್ಪಿದ ದನಗಾಹಿ ಕುಟುಂಬಗಳಿಂದ ಭೂಮಿ ಕೊಂಡು ಇದನ್ನು ಹಂತಹಂತವಾಗಿ ರೂಪಿಸಲಾಯಿತು. ಮೊದಲ ನೋಟಕ್ಕೆ ಇಲ್ಲಿ ಏನೂ ಇಲ್ಲವೆನಿಸುತ್ತದೆ. ಮರವಿಲ್ಲ, ಅಂಗಡಿಯಿಲ್ಲ. ಮೊಣಕಾಲೆತ್ತರದ ಹುಲ್ಲು, ಅದರ ಮೇಲೆ ಗಾಳಿ, ತಲೆಯ ಮೇಲೆ ಆಕಾಶ. ಒಂದು ಗಂಟೆ ನಡೆದ ಮೇಲೆ ಕಣ್ಣು ಪಳಗುತ್ತದೆ. ಬಿಲದ ಬಾಯಲ್ಲಿ ನೆಟ್ಟಗೆ ನಿಂತು ಕೂಗುವ ಪ್ರೇರಿ ಡಾಗ್ ಎಂಬ ಅಳಿಲು ಜಾತಿಯ ಪ್ರಾಣಿ ಕೆನಡಾದಲ್ಲಿ ಕಾಡುಪ್ರಾಣಿಯಾಗಿ ಉಳಿದಿರುವುದು ಈ ಸುತ್ತಿನಲ್ಲಿ ಮಾತ್ರ. ಮೂಲನಿವಾಸಿಗಳು ಗುಡಾರದಂಚಿಗೆ ಇಟ್ಟಿದ್ದ ಕಲ್ಲುಗಳ ವರ್ತುಲಗಳು ಹುಲ್ಲಿನಲ್ಲಿ ಈಗಲೂ ಇವೆ. 2005ರಲ್ಲಿ ಕಾಡೆಮ್ಮೆಗಳನ್ನು ಮತ್ತೆ ಇಲ್ಲಿಗೆ ತರಲಾಯಿತು.

ಬೇಸಾಯ ಬಲ್ಲವರು ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಮೊದಮೊದಲು ಉದ್ಯಾನದಿಂದ ದನಗಳನ್ನು ಪೂರ್ತಿ ಹೊರಗಿಡಲಾಗಿತ್ತು. ಆದರೆ ಈ ಹುಲ್ಲು ಸಾವಿರಾರು ವರ್ಷ ಮೇಯಿಸಿಕೊಂಡೇ ಬೆಳೆದ ಹುಲ್ಲು. ಮೇಯುವ ಬಾಯಿಲ್ಲದಿದ್ದರೆ ಒಣ ಕಸ ಕೂಡಿ, ಗಿಡ್ಡ ಹುಲ್ಲನ್ನು ಬಯಸುವ ಹಕ್ಕಿಗಳಿಗೆ ತಾವಿಲ್ಲದಂತಾಗುತ್ತದೆ. ಆದ್ದರಿಂದ ಈಗ ಕಾಡೆಮ್ಮೆಗಳ ಜೊತೆಗೆ, ಗೊತ್ತಾದ ಭಾಗಗಳಲ್ಲಿ ದನಗಳನ್ನೂ ಲೆಕ್ಕಹಾಕಿ ಬಿಡಲಾಗುತ್ತಿದೆ. ಹುಲ್ಲುಗಾವಲಿಗೆ ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಸಾಕೆಂಬ ನಂಬಿಕೆ ನಮ್ಮಲ್ಲೂ ಉಂಟು. ಮೇಯಿಸುವುದೂ ಒಂದು ನಿರ್ವಹಣೆಯೇ.

ಗೋಮಾಳಗಳ ವಿಷಯ ಅಷ್ಟು ಸಮಾಧಾನಕರವಾಗಿಲ್ಲ. 2012ರಲ್ಲಿ ಕೇಂದ್ರ ಸರ್ಕಾರವು ಈ ಯೋಜನೆಯಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿ, ಮುಂದಿನ ಕೆಲವು ವರ್ಷಗಳಲ್ಲಿ ಗೋಮಾಳಗಳ ಹೊಣೆಯನ್ನು ಬಿಟ್ಟುಕೊಟ್ಟಿತು. ಸಸ್ಕ್ಯಾಚೆವಾನ್‌ನಲ್ಲಿ ಬಹುಪಾಲನ್ನು ಈಗ ದನ ಮೇಯಿಸುವ ರೈತರ ಗುಂಪುಗಳೇ ಗುತ್ತಿಗೆಗೆ ಪಡೆದು ನಡೆಸುತ್ತಿವೆ. 1901ರಲ್ಲಿ ಇಂಡಿಯನ್ ಹೆಡ್ ಊರಿನಲ್ಲಿ ಆರಂಭವಾಗಿ, ಗಾಳಿತಡೆ ಸಾಲುಗಳಿಗೆಂದು 60 ಕೋಟಿಗೂ ಹೆಚ್ಚು ಸಸಿಗಳನ್ನು ರೈತರಿಗೆ ಹಂಚಿದ ಸರ್ಕಾರಿ ಸಸ್ಯಕ್ಷೇತ್ರವೂ 2013ರಲ್ಲಿ ಮುಚ್ಚಿತು. ಆ ಸಸಿಗಳು ಬೆಳೆದು ನಿಂತ ಮರಸಾಲುಗಳ ನೆರಳಿಲ್ಲದಿದ್ದರೆ ಆ ಬಯಲಿನ ಎಷ್ಟೋ ತೋಟದ ಮನೆಗಳ ಅಂಗಳದಲ್ಲಿ ಬೇಸಗೆಯ ಊಟಕ್ಕೆ ಕೂರುವುದೇ ಕಷ್ಟವಿತ್ತು. ಈಗ ದೊಡ್ಡ ಯಂತ್ರಗಳು ತಿರುಗಲು ಅಡ್ಡಿಯೆಂದು ಕೆಲವರು ಅವನ್ನು ಕೀಳಿಸುತ್ತಿದ್ದಾರೆ. ಮುಂದೆ ಒಂದು ದೀರ್ಘ ಬರ ಬಂದಾಗ ಇದರ ಬೆಲೆ ತಿಳಿದೀತು ಎಂಬ ಆತಂಕ ನನ್ನದು.

ನೀರಾವರಿಯ ನೀರಿನಲ್ಲಿ ಈಜು, ಮೀನು

ಆಲ್ಬರ್ಟಾ ಪ್ರಾಂತ್ಯದ ಬ್ರೂಕ್ಸ್ ಪಟ್ಟಣದ ಸುತ್ತ ನೀರಾವರಿ ತಂದದ್ದು ಸರ್ಕಾರವಲ್ಲ, ಕೆನಡಿಯನ್ ಪೆಸಿಫಿಕ್ ರೈಲು ಕಂಪನಿ. 1914ರಲ್ಲಿ ಬೋ ನದಿಗೆ ಬಸಾನೋ ಎಂಬಲ್ಲಿ ಅಣೆಕಟ್ಟು ಮುಗಿಯಿತು. ತಗ್ಗು ಪ್ರದೇಶವನ್ನು ದಾಟಿಸಲು 3 ಕಿಲೋಮೀಟರಿಗೂ ಉದ್ದದ ಕಾಂಕ್ರೀಟ್ ಮೇಲ್ಗಾಲುವೆಯನ್ನು ಕಟ್ಟಲಾಯಿತು. 1979ರವರೆಗೆ ಅದರಲ್ಲಿ ನೀರು ಹರಿಯಿತು. ಈಗ ರಾಷ್ಟ್ರೀಯ ಸ್ಮಾರಕ. ಕಂಬದ ಮೇಲೆ ಕಂಬ ನಿಂತ ಅದರ ಸಾಲನ್ನು ನೀರಾವರಿ ರೈತರು ಅವಶ್ಯ ನೋಡಬೇಕು. ಅದೇ ಯೋಜನೆಯ ಜಲಾಶಯವಾದ ನ್ಯೂವೆಲ್ ಸರೋವರದ ದಡದಲ್ಲಿ ಕಿನ್‌ಬ್ರೂಕ್ ದ್ವೀಪ ಎಂಬ ಪ್ರಾಂತೀಯ ಉದ್ಯಾನವಿದೆ. ರಜಾದಿನ ಗುಡಾರ ಹಾಕಿ ತಂಗುವ ಕುಟುಂಬಗಳು ಅಲ್ಲಿ ತುಂಬಿರುತ್ತವೆ.

ಇದಕ್ಕಿಂತ ಬಹಳ ದೊಡ್ಡದು ಸಸ್ಕ್ಯಾಚೆವಾನ್‌ನ ಡೀಫನ್‌ಬೇಕರ್ ಸರೋವರ. 1967ರಲ್ಲಿ ಪೂರ್ಣಗೊಂಡ ಗಾರ್ಡಿನರ್ ಅಣೆಕಟ್ಟು ಸುಮಾರು 5 ಕಿಲೋಮೀಟರು ಉದ್ದದ, 64 ಮೀಟರು ಎತ್ತರದ ಮಣ್ಣಿನ ಏರಿ. ಹಿನ್ನೀರು ಸುಮಾರು 225 ಕಿಲೋಮೀಟರು ಹಬ್ಬಿದೆ. ಡೇನಿಯಲ್‌ಸನ್, ಡಗ್ಲಸ್ ಮತ್ತು ಸಸ್ಕ್ಯಾಚೆವಾನ್ ಲ್ಯಾಂಡಿಂಗ್ ಎಂಬ ಮೂರು ಪ್ರಾಂತೀಯ ಉದ್ಯಾನಗಳು ಇದರ ದಡದಲ್ಲಿವೆ. ಡಗ್ಲಸ್ ಉದ್ಯಾನದಲ್ಲಿ ಮರಳು ದಿಬ್ಬಗಳಿಗೆ ನಡೆದು ಹೋಗುವ ದಾರಿಯುಂಟು. ವಾಲೈ, ಪೈಕ್, ಟ್ರೌಟ್ ಜಾತಿಯ ಮೀನುಗಳಿಗೆ ದೋಣಿಯಲ್ಲಿ ಗಾಳ ಹಾಕಿ ಕೂರುವುದೇ ಇಲ್ಲಿನ ಮುಖ್ಯ ವಿನೋದ; ಚಳಿಗಾಲದಲ್ಲಿ ಮಂಜುಗಡ್ಡೆಗೆ ತೂತು ಕೊರೆದು ಅದೇ ಮೀನು ಹಿಡಿಯುತ್ತಾರೆ. ಈ ಅಣೆಕಟ್ಟಿನಿಂದ ಮೊದಲು ಯೋಚಿಸಿದ್ದಷ್ಟು ಭೂಮಿಗೆ ನೀರು ಹರಿಯಲಿಲ್ಲ. ನೀರಾವರಿಯನ್ನು ಬಹಳವಾಗಿ ವಿಸ್ತರಿಸುವ ಯೋಜನೆಯನ್ನು ಪ್ರಾಂತ್ಯ ಸರ್ಕಾರವು 2020ರಲ್ಲಷ್ಟೇ ಪ್ರಕಟಿಸಿತು. ಹಾಗಾಗಿ ಇಷ್ಟು ವರ್ಷ ಈ ನೀರು ಹೊಲಕ್ಕಿಂತ ವಿದ್ಯುತ್ತಿಗೆ, ಕುಡಿಯಲು, ವಿಹಾರಕ್ಕೆ ಹೆಚ್ಚು ಒದಗಿತೆಂದರೆ ತಪ್ಪಾಗದು.

ಈ ನೀರಿನಡಿಯಲ್ಲಿ ಹೋದದ್ದೂ ಇದೆ. ಮಲಗಿದ ಕಾಡೆಮ್ಮೆಯ ಆಕಾರದ, ಸುಮಾರು 400 ಟನ್ ತೂಕದ ಮಿಸ್ತಸೇನಿ ಎಂಬ ಬಂಡೆಯನ್ನು ಕ್ರೀ ಜನರು ಪೂಜ್ಯವೆಂದು ಭಾವಿಸಿದ್ದರು. ಅದನ್ನು ಸಾಗಿಸುವ ದಾರಿ ಕಾಣದೆ 1966ರಲ್ಲಿ ಸಿಡಿಮದ್ದಿಟ್ಟು ಒಡೆಯಲಾಯಿತು. ಎಲ್ಬೋ ಎಂಬ ಹಳ್ಳಿಯ ಬಳಿ ಅದರ ಚೂರುಗಳಿಂದ ಮಾಡಿದ ಸ್ಮಾರಕವಿದೆ. ಆಲಮಟ್ಟಿಯ ಹಿನ್ನೀರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊರಕಲು, ಗುಡ್ಡ, ಹಕ್ಕಿ

ಬ್ರೂಕ್ಸ್‌ನಿಂದ ಸುಮಾರು ಮುಕ್ಕಾಲು ಗಂಟೆಯ ಹಾದಿಯಲ್ಲಿ ಗೋಧಿ ಹೊಲ ಇದ್ದಕ್ಕಿದ್ದಂತೆ ಮುಗಿದು ನೆಲ ಕುಸಿದಂತೆ ಕಾಣುತ್ತದೆ. ಇದು ಡೈನೋಸಾರ್ ಪ್ರಾಂತೀಯ ಉದ್ಯಾನ. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸುಮಾರು ಏಳೂವರೆ ಕೋಟಿ ವರ್ಷ ಹಿಂದಿನ ದೈತ್ಯ ಪ್ರಾಣಿಗಳ ಮೂಳೆಗಳು ಇಲ್ಲಿ ದೊರೆತಿವೆ. ಇಲ್ಲಿನ ಜೇಡಿಯು ನಮ್ಮ ಎರೆಮಣ್ಣಿನಂತೆ ನೆನೆದಾಗ ಉಬ್ಬಿ, ಒಣಗಿದಾಗ ಬಿರುಕು ಬಿಟ್ಟು, ಪ್ರತಿ ಮಳೆಗೂ ಕೊಚ್ಚಿ ಹೋಗುತ್ತದೆ. ಕೊಚ್ಚಣೆಯಾದಂತೆಲ್ಲ ಹೊಸ ಮೂಳೆಗಳು ಹೊರಬೀಳುತ್ತವೆ. ಮಣ್ಣಿನ ಕೊಚ್ಚಣೆಯಿಂದ ಲಾಭವಾದ ಉದಾಹರಣೆ ನನಗೆ ತಿಳಿದಂತೆ ಇದೊಂದೇ! ಮಳೆಯಾದ ದಿನ ಇಳಿಯಬಾರದು, ಕಾಲು ನಿಲ್ಲುವುದಿಲ್ಲ. ಒಂದು ಚೂರು ಮೂಳೆಯನ್ನೂ ಎತ್ತಿಕೊಳ್ಳುವಂತಿಲ್ಲ. ಸಿಕ್ಕ ಅಸ್ಥಿಪಂಜರಗಳನ್ನು ಕಾಣಬೇಕಾದರೆ ಡ್ರಮ್‌ಹೆಲರ್‌ನಲ್ಲಿ 1985ರಲ್ಲಿ ತೆರೆದ ರಾಯಲ್ ಟಿರೆಲ್ ವಸ್ತು ಸಂಗ್ರಹಾಲಯಕ್ಕೆ ಹೋಗಬೇಕು.

ಎರಡು ಪ್ರಾಂತ್ಯಗಳ ಗಡಿಯ ಮೇಲೆ ನಿಂತ ಸೈಪ್ರಸ್ ಗುಡ್ಡಗಳು 1,400 ಮೀಟರಿಗೂ ಎತ್ತರವಾಗಿವೆ. ಹಿಮಯುಗದಲ್ಲಿ ಇದರ ನೆತ್ತಿ ಮಂಜುಗಡ್ಡೆಯ ಮೇಲೆ ದ್ವೀಪದಂತೆ ಉಳಿದಿತ್ತು. ಹೆಸರು ಸೈಪ್ರಸ್ ಎಂದಿದ್ದರೂ ಇಲ್ಲಿ ಆ ಮರ ಒಂದೂ ಇಲ್ಲ, ಇರುವುದು ಪೈನ್. ಸುತ್ತಲ ಒಣ ಬಯಲಿನ ರೈತರು ಬೇಸಗೆಯಲ್ಲಿ ತಂಪಿಗೆಂದು ಬರುವುದು ಇಲ್ಲಿಗೆ. ನಕ್ಷತ್ರ ನೋಡುವವರಿಗೆಂದು ರಾತ್ರಿಯ ಕತ್ತಲೆಯನ್ನೂ ಕಾಪಾಡಲಾಗಿದೆ.

ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನಲ್ಲಿ ಹೋದವರು ಲಾಸ್ಟ್ ಮೌಂಟನ್ ಸರೋವರದ ಉತ್ತರ ತುದಿಯನ್ನು ಬಿಡಬಾರದು. 1887ರಲ್ಲಿ ಮೀಸಲಿಟ್ಟ ಇದು ಉತ್ತರ ಅಮೆರಿಕದ ಮೊಟ್ಟಮೊದಲ ಸರ್ಕಾರಿ ಪಕ್ಷಿಧಾಮ. ದಕ್ಷಿಣಕ್ಕೆ ವಲಸೆ ಹೊರಟ ಸಾವಿರಾರು ಕ್ರೌಂಚಗಳು ಇಲ್ಲಿಳಿಯುತ್ತವೆ. 1941ರಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದ, ಈಗ ಐನೂರನ್ನು ದಾಟಿರುವ ವೂಪಿಂಗ್ ಕ್ರೇನ್ ಎಂಬ ಬಿಳಿ ಕ್ರೌಂಚವೂ ಒಮ್ಮೊಮ್ಮೆ ಕಾಣಸಿಗುವುದುಂಟು. ಹಗಲು ಅವು ಮೇಯುವುದು ರೈತರ ಹೊಲದಲ್ಲೇ. ಕೊಯ್ದು ಸಾಲು ಹಾಕಿದ ಗೋಧಿ, ಬಾರ್ಲಿಗೆ ನಷ್ಟವಾಗದಿರಲೆಂದು ಧಾಮದ ಭೂಮಿಯಲ್ಲಿ ಹಕ್ಕಿಗಳಿಗಾಗಿಯೇ ಬೆಳೆ ಬೆಳೆದು ಬಿಡುವ ಪದ್ಧತಿ ಅಲ್ಲಿ ರೂಢಿಯಲ್ಲಿದೆ.

ನಡೆಸುವವರು ಯಾರು?

ಸಸ್ಕ್ಯಾಚೆವಾನ್‌ನಲ್ಲಿ ದೊಡ್ಡ ಉದ್ಯಾನಗಳಲ್ಲದೆ ಸುಮಾರು ನೂರು ಸಣ್ಣ ಪ್ರಾದೇಶಿಕ ಉದ್ಯಾನಗಳಿವೆ. 1960ರ ಕಾಯಿದೆಯಂತೆ ಅಕ್ಕಪಕ್ಕದ ಗ್ರಾಮ, ಪಟ್ಟಣಗಳ ಸ್ಥಳೀಯ ಸಂಸ್ಥೆಗಳು ಕೂಡಿ ಇವನ್ನು ನಡೆಸುತ್ತವೆ. ಒಂದು ಕೆರೆ, ಈಜುವ ದಡ, ಅಡುಗೆಗೆ ಒಲೆ, ಚೆಂಡಾಟದ ಬಯಲು, ಇಷ್ಟೇ. ಹುಲ್ಲು ಕತ್ತರಿಸುವುದು, ಬೆಂಚಿಗೆ ಬಣ್ಣ ಹೊಡೆಯುವುದು ಮುಂತಾದ ಎಷ್ಟೋ ಕೆಲಸ ಊರಿನವರ ಶ್ರಮದಾನದಿಂದ ಸಾಗುತ್ತದೆ. ಕಟಾವಿನ ನಂತರ ಸಮುದಾಯ ಭವನಗಳಲ್ಲಿ ಟಿಕೆಟ್ಟಿಟ್ಟು ಟರ್ಕಿ ಕೋಳಿ, ಹಣ್ಣಿನ ಕಡುಬುಗಳ ಸಾಮೂಹಿಕ ಊಟ ನಡೆಯುತ್ತದೆ. ಆ ಹಣ ಭವನದ ಖರ್ಚಿಗೆ. ಚಳಿಗಾಲದಲ್ಲಿ ಮಕ್ಕಳು ಹೆಪ್ಪುಗಟ್ಟಿದ ಕೃಷಿ ಹೊಂಡದ ಮೇಲೆಯೇ ಜಾರುತ್ತಾರೆ. ದನಕ್ಕೆ ಕುಡಿಯಲೆಂದು ತೋಡಿದ ಹೊಂಡ ಅದು.

ತೊಂದರೆ ಇರುವುದು ಜನರ ಕೊರತೆಯಲ್ಲಿ. ಹಿಡುವಳಿ ದೊಡ್ಡದಾದಷ್ಟೂ ಹಳ್ಳಿ ಖಾಲಿಯಾಗುತ್ತದೆ. 1930ರ ದಶಕದಲ್ಲಿ ಬಯಲಿನಲ್ಲಿ ಐದು ಸಾವಿರಕ್ಕೂ ಹೆಚ್ಚಿದ್ದ ಮರದ ಧಾನ್ಯ ಗೋಪುರಗಳಲ್ಲಿ ಈಗ ಕೆಲವು ನೂರು ಉಳಿದಿವೆ. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ ಸಾಲಾಗಿ ನಿಂತ ಐದು ಗೋಪುರಗಳನ್ನು ಊರವರ ಶ್ರಮದಿಂದ ಕಾಪಾಡಿ ಪ್ರವಾಸಿಗಳಿಗೆ ತೋರಿಸಲಾಗುತ್ತಿದೆ. ಹತ್ತು ಮನೆಯೂ ಇಲ್ಲದ ಕಡೆ ಶ್ರಮದಾನಕ್ಕೆ ಯಾರು ಬಂದಾರು?

ಹೋಗುವವರಿಗೆ ಕೆಲವು ಸೂಚನೆಗಳು

ಹೊಲದ ಬದುವಿನಲ್ಲಿ ನಡೆದಾಡುವುದು ನಮಗೆ ಸಹಜ, ಅಲ್ಲಿ ಹಾಗಲ್ಲ. ಸಸ್ಕ್ಯಾಚೆವಾನ್‌ನಲ್ಲಿ 2022ರ ಜನವರಿಯಿಂದ, ಫಲಕವಿರಲಿ ಬಿಡಲಿ, ಪರರ ಹೊಲಕ್ಕೆ ವಿಹಾರಕ್ಕೆಂದು ಕಾಲಿಡುವ ಮೊದಲು ಒಪ್ಪಿಗೆ ಪಡೆಯಬೇಕು. ಜುಲೈ ತಿಂಗಳಲ್ಲಿ ಹಳದಿ ಹೂ ತುಂಬಿದ ಕ್ಯಾನೋಲಾ ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುವ ಆಸೆಯಾಗುವುದು ಸಹಜ. ಆದರೆ ಈ ಸಾಸಿವೆ ಜಾತಿಯ ಬೆಳೆಗೆ ಕ್ಲಬ್‌ರೂಟ್ ಎಂಬ, ಬೇರು ಊದಿ ಗಿಡ ಸೊರಗುವ ರೋಗವಿದೆ. ಆಲ್ಬರ್ಟಾದ ಹೊಲಗಳಲ್ಲಿ 2003ರಲ್ಲಿ ಕಾಣಿಸಿಕೊಂಡ ಇದರ ಬೀಜಾಣುಗಳು ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಬಲ್ಲವು; ಒಂದು ಹೊಲದಿಂದ ಇನ್ನೊಂದಕ್ಕೆ ಬೂಟಿನ ಮಣ್ಣಿನಲ್ಲೇ ದಾಟುತ್ತವೆ. ರಸ್ತೆಯಂಚಿನಿಂದಲೇ ಚಿತ್ರ ತೆಗೆಯಿರಿ, ಬೂಟನ್ನು ತೊಳೆದು ಮುಂದೆ ಹೋಗಿರಿ. ಗೋಮಾಳದ ಗೇಟು ಹೇಗಿತ್ತೋ ಹಾಗೆಯೇ ಬಿಡಬೇಕು. ತೆರೆದದ್ದನ್ನು ಮುಚ್ಚಿದರೂ ದನಗಳಿಗೆ ನೀರು ತಪ್ಪೀತು.

ಗಾಳ ಹಾಕಲು ಆಯಾ ಪ್ರಾಂತ್ಯದ ಪರವಾನಗಿ ಬೇಕು. ಕಾಲುವೆ, ಕೊಳವೆಗಳನ್ನು ಕಟ್ಟಿಹಾಕುವ ಹೊರನಾಡಿನ ಚಿಪ್ಪುಮೀನು ಬರದಂತೆ, ದೋಣಿ ಒಯ್ಯುವವರು ಆಲ್ಬರ್ಟಾದಲ್ಲಿ ತೆರೆದಿರುವ ತಪಾಸಣಾ ಠಾಣೆಗಳಲ್ಲಿ ನಿಲ್ಲಲೇಬೇಕು. ಊರುಗಳು ದೂರ ದೂರ. ಪೆಟ್ರೋಲು, ನೀರು, ಗಾಳಿಗೆ ತಡೆಯುವ ಒಂದು ಮೇಲಂಗಿ ಜೊತೆಗಿರಲಿ. ಜುಲೈನಲ್ಲಿ ಹೋದವರು ಕಣಿವೆಗಳಲ್ಲಿ ಬೆಳೆಯುವ ಸಸ್ಕಟೂನ್ ಎಂಬ ನೇರಳೆ ಬಣ್ಣದ ಸಣ್ಣ ಹಣ್ಣನ್ನು ರುಚಿ ನೋಡಬಹುದು. ಹಣ ಕೊಟ್ಟು ನಾವೇ ಬಿಡಿಸಿಕೊಳ್ಳುವ ತೋಟಗಳೂ ಇವೆ. ಸಸ್ಕಟೂನ್ ನಗರಕ್ಕೆ ಹೆಸರು ಬಂದದ್ದು ಈ ಹಣ್ಣಿನ ಕ್ರೀ ಭಾಷೆಯ ಹೆಸರಿನಿಂದಲೇ.