ಶಿಲೀಂಧ್ರಕ್ಕೆ ಮದ್ದು ಮಾಡುವ ಮಣ್ಣಿನ ಬ್ಯಾಕ್ಟೀರಿಯಾ

ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಶಿಲೀಂಧ್ರಗಳಿಗೂ ಆಹಾರಕ್ಕಾಗಿ ಸದಾ ಪೈಪೋಟಿ. ಈ ಪೈಪೋಟಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಶಿಲೀಂಧ್ರವನ್ನು ಕೊಲ್ಲುವ ರಾಸಾಯನಿಕಗಳನ್ನು ಹೊರಬಿಡುತ್ತವೆ. ಇದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಸ್ಟ್ರೆಪ್ಟೊಮೈಸಿಸ್ ಕುಲ. ಮೊದಲ ಮಳೆಗೆ ನೆಲದಿಂದೇಳುವ ವಾಸನೆಯೂ ಬಹುಪಾಲು ಇವುಗಳದೇ.

ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ 1950ರಲ್ಲಿ ಇಂಥ ಬ್ಯಾಕ್ಟೀರಿಯಾದಿಂದ ಪಡೆದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಲೋಕಕ್ಕೆ ತಿಳಿಸಿದರು. ಅದೇ ದಶಕದಲ್ಲಿ ವೆನೆಜುವೆಲಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಆಂಫೊಟೆರಿಸಿನ್ ಬಿ ಎಂಬ ಇನ್ನೊಂದು ಔಷಧ ಬಂತು. ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿದೆ. ಔಷಧ ಅದಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸುತ್ತದೆ. ಒಳಗಿನ ಲವಣಗಳು ಸೋರಿ ಜೀವಕೋಶ ಸಾಯುತ್ತದೆ. ಮನುಷ್ಯನ ಜೀವಕೋಶಗಳಲ್ಲಿ ಅದರ ಜಾಗದಲ್ಲಿರುವ ಕೊಲೆಸ್ಟೆರಾಲ್‌ಗೂ ಔಷಧ ಸ್ವಲ್ಪ ಅಂಟುವುದರಿಂದ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿದಾಗ ದೇಶದಾದ್ಯಂತ ರೋಗಿಗಳ ಮನೆಯವರು ಹುಡುಕಿ ಅಲೆದದ್ದು ಇದೇ ಆಂಫೊಟೆರಿಸಿನ್ ಬಿಗಾಗಿ.

ಭಾರತದ ಕೊಡುಗೆಯಲ್ಲಿ ಕನ್ನಡಿಗರು ಮರೆಯಬಾರದ ಹೆಸರು ಎಂ. ಜೆ. ತಿರುಮಲಾಚಾರ್. 1940ರ ದಶಕದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯರೋಗಗಳ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದ ಅವರು, ಮುಂದೆ ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್‌ನಲ್ಲಿ ಸಂಶೋಧನೆಯ ಮುಂದಾಳಾದರು. ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾದಿಂದ ಹ್ಯಾಮೈಸಿನ್ ಎಂಬ ಔಷಧ ಅಲ್ಲಿ ಹುಟ್ಟಿತು. ಬೆಳೆರೋಗಕ್ಕೆ ಬಳಸುವ ಆರಿಯೋಫಂಜಿನ್ ಕೂಡ ಅದೇ ಸಂಸ್ಥೆಯದು. ಹೊಲದ ರೋಗ ಬಲ್ಲವರೇ ಪ್ರಯೋಗಾಲಯ ನಡೆಸಿದ್ದರ ಫಲವಿದು.

ಆಂಧ್ರದ ಹಿಂದೂಪುರ, ಪೆನುಕೊಂಡಗಳ ನಡುವಿನ ಸೋಮಂದೇಪಲ್ಲಿಯಂಥ ಕಡೆ ಈ ವಿದ್ಯೆ ಬೇಕಾಗುವುದು ಕಡಲೆಕಾಯಿ ಹೊಲಕ್ಕೆ. ಮಳೆಯನ್ನೇ ನಂಬಿದ ಈ ಸೀಮೆಯ ಕೆಂಪು ನೆಲದಲ್ಲಿ ಬೀಜ ಮೊಳೆಯುವಾಗಲೇ ಆಸ್ಪರ್‌ಜಿಲಸ್ ನೈಜರ್ ಬುಡ ಕೊಳೆಸುತ್ತದೆ. ಬೆಳೆದ ಗಿಡಕ್ಕೆ ಸ್ಕ್ಲೆರೋಷಿಯಂ ಕಾಂಡಕೊಳೆ ತರುತ್ತದೆ. ಇವುಗಳ ವಿರುದ್ಧ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಮತ್ತು ಬ್ಯಾಸಿಲಸ್ ಸಬ್ಟಿಲಿಸ್ ಪುಡಿಗಳು ಮಾರುಕಟ್ಟೆಯಲ್ಲಿವೆ. ಮೊದಲನೆಯದು ಬೇರಿನ ಸುತ್ತ ನೆಲೆಸಿ ಫಿನಜೀನ್‌ನಂಥ ವಿಷಗಳನ್ನು ಬಿಡುವುದಲ್ಲದೆ, ಮಣ್ಣಿನ ಕಬ್ಬಿಣಾಂಶವನ್ನು ಹಿಡಿದಿಟ್ಟು ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ. ಎರಡನೆಯದರ ಅಸ್ತ್ರ ಇಟುರಿನ್ ಎಂಬ ಶಿಲೀಂಧ್ರನಾಶಕ. ಇವುಗಳ ಜೊತೆಗೇ ಮಾರುವ ಟ್ರೈಕೊಡರ್ಮಾ ಬ್ಯಾಕ್ಟೀರಿಯಾ ಅಲ್ಲ, ಅದೂ ಶಿಲೀಂಧ್ರವೇ.

ಸ್ಯೂಡೊಮೊನಾಸ್ ಪುಡಿಯನ್ನು ಸಾಮಾನ್ಯವಾಗಿ ಕಿಲೋ ಬೀಜಕ್ಕೆ 10 ಗ್ರಾಂನಂತೆ ಹಚ್ಚುತ್ತಾರೆ. ಅದರಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ಬಿಸಿಲಿನಲ್ಲಿಟ್ಟರೆ ಸಾಯುತ್ತದೆ. ಬ್ಯಾಸಿಲಸ್ ಗಟ್ಟಿ ಬೀಜಕಣ ಕಟ್ಟಿಕೊಂಡು ಒಣ ನೆಲದಲ್ಲೂ ಬದುಕುವುದರಿಂದ ಮಳೆ ಕೈಕೊಡುವ ಊರುಗಳಿಗೆ ಅದು ಹೆಚ್ಚು ಹೊಂದುತ್ತದೆ. ಯಾವುದನ್ನೇ ಕೊಂಡರೂ ರೈತರು ಪೊಟ್ಟಣದ ಮೇಲಿನ ಅವಧಿ ದಿನಾಂಕ ನೋಡಿ, ನೆರಳಿನಲ್ಲಿಟ್ಟು, ಬಿತ್ತನೆಯ ದಿನವೇ ಬೀಜಕ್ಕೆ ಹಚ್ಚಬೇಕು.