ಬರೆದಿಟ್ಟ ಹಕ್ಕು

ದೇಶವೊಂದು ತನ್ನ ಪ್ರಜೆಗಳ ಸ್ವಾತಂತ್ರ್ಯವನ್ನು ಕಾಪಾಡಬೇಕಾದರೆ ಹಕ್ಕುಗಳನ್ನು ಪಟ್ಟಿಮಾಡಿ ಸಂವಿಧಾನದಲ್ಲಿ ಬರೆದಿಡಲೇಬೇಕೆ? ಆಸ್ಟ್ರೇಲಿಯದ ಸಂವಿಧಾನದಲ್ಲಿ ಅಂತಹ ಸಮಗ್ರ ಪಟ್ಟಿ ಇಂದಿಗೂ ಇಲ್ಲ. ಅಷ್ಟರಿಂದ ಅಲ್ಲಿಯ ಜನರು ಗುಲಾಮರಾಗಿಲ್ಲ. ಹೀಗಿರುವಾಗ ಪಂಡಿತರ ಈ ಚರ್ಚೆ ಭಿವಂಡಿಯ ಹೋಟೆಲು ಕಾರ್ಮಿಕನಿಗೂ ಮಗ್ಗದ ಕಾರಖಾನೆಯ ಗುಮಾಸ್ತನಿಗೂ ಏತಕ್ಕೆಂದು ಕೇಳುವವರುಂಟು. ಅವರಿಗೇ ಇದು ಹೆಚ್ಚು ಅಗತ್ಯವೆಂಬುದು ನಮ್ಮ ಮತ.

ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು. ಭಾರತದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ, ಉದ್ಯೋಗ ಕೈಗೊಳ್ಳುವ ಹಕ್ಕನ್ನು ಸಂವಿಧಾನದ 19ನೆಯ ಕಲಮು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೆಯ ಕಲಮು ಕೊಟ್ಟಿದೆ. 1960ರ ದಶಕದ ಉತ್ತರಾರ್ಧದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಕೂಗೆದ್ದು, ಉಡುಪಿ ಹೋಟೆಲುಗಳ ಮೇಲೆ ದಾಳಿಗಳಾದಾಗ, 'ನಾವು ಇಲ್ಲಿರುವುದು ಯಾರ ಕೃಪೆಯಿಂದಲೂ ಅಲ್ಲ' ಎನ್ನಲು ನಮಗಿದ್ದ ಆಧಾರ ಆ ಬರಹವೇ.

ಆದರೆ ಬರಹವೊಂದೇ ಸಾಲದೆಂಬುದನ್ನೂ ಮರೆಮಾಚಲಾಗದು. 1970ರ ಮೇ ತಿಂಗಳಲ್ಲಿ ಇದೇ ಭಿವಂಡಿ ಕೋಮುಗಲಭೆಯಲ್ಲಿ ಬೆಂದಿತು. 1984ರಲ್ಲಿ ಪುನಃ ಬೆಂದಿತು. ಪ್ರಾಣರಕ್ಷಣೆಯ 21ನೆಯ ಕಲಮು ಆಗಲೂ ಪುಸ್ತಕದಲ್ಲಿದ್ದಿತು. 1975ರ ತುರ್ತುಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಸಾವಿರಾರು ಜನ ಸೆರೆಮನೆ ಸೇರಿದರು. ಬೆಂಗಳೂರಿನ ಸೆರೆಯಲ್ಲಿ ಬಳಲಿದ ನಟಿ ಸ್ನೇಹಲತಾ ರೆಡ್ಡಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಬಂಧಿತರು ನ್ಯಾಯಾಲಯದ ಬಾಗಿಲನ್ನೂ ತಟ್ಟುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಾಧೀಶರು ತೀರ್ಪಿತ್ತರು. ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ.

ಹಾಗಾದರೆ ಬರಹದಿಂದ ಫಲವೇನು? ತಪ್ಪನ್ನು ತಪ್ಪೆಂದು ತೋರಿಸಲು ಅದು ಉಳಿದಿರುತ್ತದೆ. 20 ಮತ್ತು 21ನೆಯ ಕಲಮುಗಳ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲಿಯೂ ತಡೆಹಿಡಿಯಕೂಡದೆಂದು 1978ರ 44ನೆಯ ತಿದ್ದುಪಡಿ ವಿಧಿಸಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದಾದರೂ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು 1973ರಲ್ಲಿಯೇ ನಿರ್ಣಯವಾಗಿದ್ದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನೂ ಮೂಲಭೂತ ಹಕ್ಕೆಂದು ಸಾರಿ, 1976ರ ತೀರ್ಪನ್ನು ತಳ್ಳಿಹಾಕಿತು. ನಾಲ್ವತ್ತೊಂದು ವರ್ಷ ತಡವಾಯಿತು, ನಿಜ. ಆದರೂ ತಿದ್ದುವುದು ಸಾಧ್ಯವಾಯಿತು.

ಧನಿಯು ಬಾಯಿಮಾತಿನಲ್ಲಿ ಒಪ್ಪಿದ ಸಂಬಳಕ್ಕೂ ಹಾಜರಿಪುಸ್ತಕದಲ್ಲಿ ಬರೆದ ಸಂಬಳಕ್ಕೂ ಇರುವ ಅಂತರವನ್ನು ನಮ್ಮ ವಾಚಕರಿಗೆ ಯಾರೂ ಕಲಿಸಬೇಕಾಗಿಲ್ಲ. ಬರೆದುದೆಲ್ಲವೂ ಕೈಗೆ ಬಂದೀತೆಂಬ ಭರವಸೆಯಿಲ್ಲ. ಬರೆಯದಿದ್ದರೆ ಕೇಳುವುದಕ್ಕೇ ಬಾಯಿಲ್ಲ. ಹಕ್ಕುಗಳ ಪಟ್ಟಿಯೂ ಅಂತಹುದೇ. ಅದನ್ನು ಬರೆದಿಟ್ಟವರು ಹಿರಿಯರು. ಓದಿ ತಿಳಿದು, ಕೇಳಿ ಪಡೆಯಬೇಕಾದವರು ನಾವು. ನೆರೆಯವನ ಹಕ್ಕಿಗೆ ಕುತ್ತು ಬಂದ ದಿನವೂ ನಾವು ಬಾಯಿ ತೆರೆಯಬೇಕು. ಇಲ್ಲವಾದರೆ ನಮ್ಮ ಸರದಿ ಬಂದಾಗ ಪುಸ್ತಕವಿದ್ದೀತು, ಓದಿ ಹೇಳುವವರು ಇರಲಾರರು.